ಪರೀಕ್ಷೆ ಲ್ಯಾಬ್‌ನಲ್ಲಿ ಶುರುವಾಗುವುದಿಲ್ಲ: ದೂರದ ಹಳ್ಳಿಯಿಂದ ಗಂಟಲು ದ್ರವದ ಮಾದರಿ ಸಾಗುವ ದಾರಿ

“ಜ್ವರ, ಕೆಮ್ಮು ಇತ್ತು. ಟೆಸ್ಟ್ ಮಾಡಿಸಿದೆವು, ನೆಗೆಟಿವ್ ಬಂತು. ಇನ್ನೇನೂ ಭಯವಿಲ್ಲ.” ಕೋವಿಡ್ ಕಾಲದಲ್ಲಿ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಲ್ಯಾಬ್‌ನ ಯಂತ್ರ ರೋಗಿಯನ್ನು ನೋಡುವುದಿಲ್ಲ. ಅದರ ಮುಂದೆ ಬರುವುದು ಒಂದು ಪುಟ್ಟ ಟ್ಯೂಬ್ ಮಾತ್ರ. ಆ ಟ್ಯೂಬ್‌ಗೆ ವೈರಸ್ ಸೇರದಿದ್ದರೆ ಅಥವಾ ಸೇರಿದ್ದು ದಾರಿಯಲ್ಲೇ ಹಾಳಾದರೆ, ಸೋಂಕು ಇದ್ದರೂ ಫಲಿತಾಂಶ ನೆಗೆಟಿವ್ ಬರಬಹುದು. ಲ್ಯಾಬ್ ದೂರವಾದಷ್ಟೂ ಈ ಅಪಾಯ ಹೆಚ್ಚು.

ದೂರ ಎಂದರೆ ಏನು?

ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ಕಲಬುರಗಿಯಿಂದ. ಅಲ್ಲಿ ತೆಗೆದ ಮಾದರಿ ಪರೀಕ್ಷೆಗಾಗಿ 500 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಗಬೇಕಾಯಿತು. ರೋಗಿ ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಸೋಂಕು ಖಚಿತವಾದದ್ದು ಮಾರ್ಚ್ 12ರಂದು. ಬಳಿಕ ಕಲಬುರಗಿಯಲ್ಲೇ ಲ್ಯಾಬ್ ಶುರುವಾಯಿತು. ಜಿಲ್ಲಾ ಕೇಂದ್ರದ ಪಾಡೇ ಹೀಗಿತ್ತೆಂದ ಮೇಲೆ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳು ಅಥವಾ ಜೋಯಿಡಾದ ಕಾಡಿನ ಊರುಗಳ ಕಷ್ಟವನ್ನು ನಾವು ಊಹಿಸಬಹುದು.

ಮಾದರಿ ತೆಗೆಯುವಾಗ

ಮೊದಲನೆಯದು ಸಮಯ. ಫ್ಲೂ ಪರೀಕ್ಷೆಗೆ ರೋಗಲಕ್ಷಣ ಕಾಣಿಸಿಕೊಂಡ ಮೊದಲ 3–4 ದಿನಗಳೇ ಉತ್ತಮ. ಆಮೇಲೆ ಮೂಗು, ಗಂಟಲಿನಲ್ಲಿ ವೈರಸ್ ಪ್ರಮಾಣ ಇಳಿಯುತ್ತಾ ಹೋಗುತ್ತದೆ. “ಸಂತೆಯ ದಿನ ಪೇಟೆಗೆ ಹೋದಾಗ ತೋರಿಸೋಣ” ಎಂದು ವಾರ ಕಳೆದರೆ ಒಳ್ಳೆಯ ಮಾದರಿ ಸಿಗುವ ಅವಕಾಶವೂ ಕಳೆಯುತ್ತದೆ.

ಎರಡನೆಯದು ಕಡ್ಡಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಇದಕ್ಕೆ ಆಗದು. ಹತ್ತಿ ಮತ್ತು ಮರದಲ್ಲಿರುವ ಕೆಲವು ಅಂಶಗಳು ಪಿಸಿಆರ್ ಪರೀಕ್ಷೆಗೆ ಅಡ್ಡಿಯಾಗುತ್ತವೆ. ಹಾಗಾಗಿ ಪ್ಲಾಸ್ಟಿಕ್ ಹಿಡಿಕೆಯ, ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳ ತುದಿಯಿರುವ ಕಡ್ಡಿಯನ್ನೇ ಬಳಸುತ್ತಾರೆ.

ಮೂರನೆಯದು ಆಳ. ಮೂಗಿನ ಹೊಳ್ಳೆಯಲ್ಲಿ ಸುಮ್ಮನೆ ಒಮ್ಮೆ ತಿರುಗಿಸಿದರೆ ಸಾಲದು. ಮೂಗಿನ ಹಿಂಭಾಗಕ್ಕೆ ತಲುಪಿಸಿ, ಕೆಲವು ಸೆಕೆಂಡು ಅಲ್ಲೇ ಇರಿಸಿ, ಮೆಲ್ಲಗೆ ತಿರುಗಿಸಿ ತೆಗೆಯಬೇಕು. ರೋಗಿ ಕಣ್ಣೀರು ಹಾಕಿದ ಎಂದು ಅರ್ಧಕ್ಕೇ ನಿಲ್ಲಿಸಿದರೆ ಮಾದರಿಯೂ ಅರ್ಧವೇ.

ಕಡ್ಡಿ ಮಿದುಳಿಗೆ ತಾಗುತ್ತದೆಯೇ?

ಹಳ್ಳಿಗಳಲ್ಲಿ ಜನ ಪರೀಕ್ಷೆಗೆ ಹಿಂಜರಿಯಲು ಈ ಭಯವೂ ಒಂದು ಕಾರಣ. ಇದು ತಪ್ಪು ತಿಳಿವಳಿಕೆ. ಕಡ್ಡಿ ಹೋಗುವುದು ಮೇಲಕ್ಕಲ್ಲ, ಬಾಯಿಯ ಅಂಗುಳಕ್ಕೆ ಸಮಾನಾಂತರವಾಗಿ ಹಿಂದಕ್ಕೆ, ಅಂದರೆ ಗಂಟಲಿನ ಕಡೆಗೆ. ಮಿದುಳು ಮತ್ತು ಮೂಗಿನ ನಡುವೆ ಮೂಳೆಯ ತಡೆಯಿದೆ. ಆದರೂ ಮೂಗು ಅಥವಾ ತಲೆಬುರುಡೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಿಬ್ಬಂದಿಗೆ ಮೊದಲೇ ಹೇಳಿ. ಅಂಥವರಿಗೆ ಗಂಟಲಿನಿಂದ ಮಾದರಿ ತೆಗೆಯಬಹುದು.

ಟ್ಯೂಬ್‌ನ ಗುಲಾಬಿ ದ್ರವ ಏನು?

ಕಡ್ಡಿಯ ತುದಿಯನ್ನು ಮುರಿದು ಹಾಕುವ ಟ್ಯೂಬ್‌ನಲ್ಲಿರುವುದು ವೈರಸ್ ಸಾಗಣೆ ದ್ರವ. ಇದರಲ್ಲಿರುವ ಲವಣ ಮತ್ತು ಪ್ರೋಟೀನ್‌ಗಳು ವೈರಸ್ ಕೆಡದಂತೆ ನೋಡಿಕೊಳ್ಳುತ್ತವೆ. ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯದಂತೆ ಔಷಧವನ್ನೂ ಸೇರಿಸಿರುತ್ತಾರೆ. ಗುಲಾಬಿ ಬಣ್ಣ ಆಮ್ಲೀಯತೆಯ ಸೂಚಕದ್ದು. ಬಳಸುವ ಮೊದಲೇ ದ್ರವ ಹಳದಿಯಾಗಿದ್ದರೆ ಅಥವಾ ಕದಡಿದಂತಿದ್ದರೆ ಆ ಟ್ಯೂಬ್ ಬಳಸಬಾರದು.

ದಾರಿಯಲ್ಲಿ ಕಾಯುವುದು ತಂಪು

ತೆಗೆದ ಮಾದರಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, 72 ಗಂಟೆಯೊಳಗೆ ಲ್ಯಾಬ್ ತಲುಪಿಸುವುದು ವಾಡಿಕೆ. ಅದಕ್ಕಿಂತ ತಡವಾಗುವಂತಿದ್ದರೆ ಮೈನಸ್ 70 ಡಿಗ್ರಿ ಬೇಕು. “ಹಾಗಾದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟರಾಯಿತು” ಎನ್ನುವುದು ಇನ್ನೊಂದು ತಪ್ಪು. ಸಾಮಾನ್ಯ ಫ್ರೀಜರ್ ಸುಮಾರು ಮೈನಸ್ 20 ಡಿಗ್ರಿಯಷ್ಟೇ. ಕರೆಂಟ್ ಹೋಗಿ ಬಂದಂತೆಲ್ಲ ಮಾದರಿ ಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಇದು ವೈರಸ್‌ಗೆ ಇನ್ನಷ್ಟು ಹಾನಿಕರ.

ಸೋರದಂತೆ ಮೂರು ಸುತ್ತಿನ ಪ್ಯಾಕಿಂಗ್ ಕೂಡ ಕಡ್ಡಾಯ: ಬಿಗಿಯಾಗಿ ಮುಚ್ಚಿದ ಟ್ಯೂಬ್, ಅದರ ಸುತ್ತ ದ್ರವ ಹೀರುವ ಹತ್ತಿಯಿಟ್ಟ ಸೋರದ ಡಬ್ಬಿ, ಅದರ ಹೊರಗೆ ಐಸ್ ಪ್ಯಾಕ್ ಇರುವ ಗಟ್ಟಿ ಪೆಟ್ಟಿಗೆ. ಲಸಿಕೆ ಒಯ್ಯುವ ಪೆಟ್ಟಿಗೆಯಲ್ಲಿ ಲಸಿಕೆಯ ಜೊತೆಗೆ ಮಾದರಿಯನ್ನು ಇಡಬಾರದು. ಟ್ಯೂಬ್ ಮೇಲಿನ ಹೆಸರು ಅರ್ಜಿಯ ಹೆಸರಿಗೆ ತಾಳೆಯಾಗದಿದ್ದರೆ ಲ್ಯಾಬ್ ಅದನ್ನು ತಿರಸ್ಕರಿಸಬಹುದು. ಆಗ ಇಷ್ಟು ದೂರದ ಪಯಣವೆಲ್ಲ ನೀರಿನಲ್ಲಿ ಹೋಮ.

ದೂರ ತಗ್ಗಿಸುವ ದಾರಿಗಳು

ಪಿಸಿಆರ್ ಹುಡುಕುವುದು ವೈರಸ್‌ನ ವಂಶವಾಹಿಯ ತುಣುಕನ್ನು. ವೈರಸ್ ಜೀವಂತವಾಗಿಯೇ ಇರಬೇಕೆಂದಿಲ್ಲ. ಈ ಅನುಕೂಲವನ್ನು ಬಳಸಿಕೊಂಡು ನಮ್ಮ ವಿಜ್ಞಾನಿಗಳು ಹಲವು ದಾರಿ ಹುಡುಕಿದರು. ಹೈದರಾಬಾದಿನ ಸಿಸಿಎಂಬಿ, ದ್ರವವೇ ಇಲ್ಲದೆ ಒಣ ಕಡ್ಡಿಯನ್ನೇ ಕಳಿಸುವ ವಿಧಾನ ರೂಪಿಸಿತು. ನಾಗಪುರದ ನೀರಿ ಸಂಸ್ಥೆಯ ವಿಧಾನದಲ್ಲಿ ರೋಗಿಯೇ ಉಪ್ಪುನೀರಿನ ದ್ರಾವಣದಿಂದ 15 ಸೆಕೆಂಡು ಗಂಟಲು ಮುಕ್ಕಳಿಸಿ ಟ್ಯೂಬ್‌ಗೆ ಉಗುಳಿದರೆ ಸಾಕು. ಇದಕ್ಕೆ 2021ರ ಮೇ ತಿಂಗಳಲ್ಲಿ ಐಸಿಎಂಆರ್ ಒಪ್ಪಿಗೆ ದೊರೆಯಿತು. ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರವಂತೂ ಲ್ಯಾಬನ್ನೇ ಊರಿನ ಹತ್ತಿರಕ್ಕೆ ತಂದಿತು. ರ‍್ಯಾಪಿಡ್ ಟೆಸ್ಟ್ ಅರ್ಧ ಗಂಟೆಯೊಳಗೆ ಸ್ಥಳದಲ್ಲೇ ಉತ್ತರ ಕೊಡುತ್ತದೆ, ಆದರೆ ವೈರಸ್ ಕಡಿಮೆಯಿದ್ದರೆ ಅದರ ಕಣ್ಣಿಗೆ ಬೀಳದಿರಬಹುದು.

ನಾವೇನು ಮಾಡಬಹುದು?

ಜ್ವರ, ಕೆಮ್ಮು ಶುರುವಾದ ದಿನವನ್ನು ಬರೆದಿಟ್ಟುಕೊಳ್ಳಿ, ಆಶಾ ಕಾರ್ಯಕರ್ತೆಗೆ ಬೇಗ ತಿಳಿಸಿ. ಟ್ಯೂಬ್ ಮೇಲೆ ನಿಮ್ಮ ಹೆಸರು ಸರಿಯಾಗಿದೆಯೇ ನೋಡಿ. ಫಲಿತಾಂಶ ಬರುವವರೆಗೆ ಮನೆಯ ಹಿರಿಯರಿಂದ ಸ್ವಲ್ಪ ದೂರವಿರಿ, ಮಾಸ್ಕ್ ಹಾಕಿಕೊಳ್ಳಿ.

ಮುಖ್ಯವಾಗಿ, ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಪರಿಣಾಮಕಾರಿ. ಹಾಗಾಗಿ ಗರ್ಭಿಣಿಯರು, ವೃದ್ಧರು, ಆಸ್ತಮಾ ಇರುವವರಿಗೆ ಫ್ಲೂ ಶಂಕೆಯಿದ್ದರೆ ವೈದ್ಯರು ವರದಿಗೆ ಕಾಯದೆಯೇ ಅದನ್ನು ಆರಂಭಿಸುತ್ತಾರೆ. ವರದಿ ನೆಗೆಟಿವ್ ಬಂದಿದ್ದರೂ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಟ್ಯೂಬ್ ದಾರಿಯಲ್ಲಿ ಕಾಯಬಹುದು, ರೋಗಿ ಕಾಯಲಾರ.