ಪದ ಸಿಗದವರ ಚಿಕಿತ್ಸೆ: ಮೈಸೂರಿನ ಪರೀಕ್ಷೆಗಳು, ಯಾಪಲದಿನ್ನಿಯ ಮಾತು

‘ಲಕ್ವಾ ಹೊಡದದ, ಮಾತು ಬರವಲ್ದು.’ ರಾಯಚೂರು ಸೀಮೆಯಲ್ಲಿ ಮನೆಯವರು ರೋಗಿಯನ್ನು ವೈದ್ಯರ ಮುಂದೆ ಕೂರಿಸಿ ಹೇಳುವುದು ಇಷ್ಟೇ. ಬರದಿರುವುದು ಯಾವ ಮಾತು ಎಂದು ವಿಚಾರಿಸುವ ವಿದ್ಯೆಗೆ ಕನ್ನಡದಲ್ಲಿ ಇನ್ನೂ ಅರುವತ್ತು ವರ್ಷದ ಚರಿತ್ರೆ. ಆ ಚರಿತ್ರೆಯಲ್ಲಿ ಪರೀಕ್ಷೆಗಳಿಗೆ ಸಿಕ್ಕ ಜಾಗ ಚಿಕಿತ್ಸೆಗೆ ಸಿಗಲಿಲ್ಲ ಎಂಬುದು ಈ ಲೇಖನದ ವಾದ.

ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಮಾತು ಕೆಡುತ್ತದೆಂದು ಪ್ಯಾರಿಸ್ಸಿನ ಬ್ರೋಕಾ 1861ರ ನಂತರದ ವರ್ಷಗಳಲ್ಲಿ ತೋರಿಸಿದ. ಅಫೇಸಿಯಾ ಎಂಬ ಈ ತೊಂದರೆಯಲ್ಲಿ ಹಲವು ಬಗೆ. ಆದರೆ ಬೇಕಾದ ಪದ ಬೇಕಾದಾಗ ಸಿಗದ ತೊಡಕು ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಕರ್ನಾಟಕದಲ್ಲಿ ಇದರ ಅಧ್ಯಯನಕ್ಕೆ ನೆಲೆ ಸಿಕ್ಕಿದ್ದು 1965ರಲ್ಲಿ, ಮೈಸೂರಿನಲ್ಲಿ ಈಗಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದಾಗ. 1980ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಡಾಕ್ಟರೇಟ್ ಪ್ರಬಂಧ ಬರೆದ ಪ್ರತಿಭಾ ಕಾರಂತರು ರೂಪಿಸಿದ ಭಾಷಾ ಪರೀಕ್ಷೆ ಧ್ವನಿ, ವಾಕ್ಯ, ಅರ್ಥ ಈ ಮೂರನ್ನೂ ಕನ್ನಡದ ಒಳಗಿನಿಂದಲೇ ಅಳೆಯಲು ಹೊರಟಿತ್ತು. ನನ್ನ ಮಟ್ಟಿಗೆ ನಮ್ಮ ನಿಜವಾದ ಆರಂಭ ಅದೇ. ಆಮೇಲೆ ಕೆರ್ಟೆಸ್ ಅವರ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆ ಕನ್ನಡಕ್ಕೆ ಬಂತು. ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರು ಅದಕ್ಕೆ ಕನ್ನಡದ ಅಳತೆಗೋಲು ಹಾಕಿಕೊಟ್ಟರು.

ಮೂಲ ಬ್ಯಾಟರಿಯಲ್ಲಿ 20 ವಸ್ತುಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ಸರಿಯಾಗಿ ಹೇಳಿದರೆ 3 ಅಂಕ, ಧ್ವನಿ ತಪ್ಪಿದರೂ ಗುರುತು ಹತ್ತುವಂತಿದ್ದರೆ 2, ಸುಳಿವು ಕೊಟ್ಟ ಮೇಲೆ ಹೇಳಿದರೆ 1. ಪಟ್ಟಿಯಲ್ಲಿ ಫೋರ್ಕು, ಪೇಪರ್ ಕ್ಲಿಪ್ಪುಗಳಿವೆ. ಅವನ್ನು ಬದಲಿಸುವುದು ಸುಲಭ, ಅಂಕದ ಲೆಕ್ಕ ಅಷ್ಟು ಸುಲಭವಲ್ಲ. ನೀರಿನ ಪಾತ್ರೆಯೊಂದನ್ನು ತೋರಿಸಿದರೆ ಮೈಸೂರಿನವರು ‘ಚೊಂಬು’ ಅಂದಾರು, ರಾಯಚೂರಿನವರು ‘ಚರಗಿ’. ಗಡಿಯ ಯಾಪಲದಿನ್ನಿ ಕಡೆ ಮನೆಮಾತು ತೆಲುಗಾದವರು ‘ಚೆಂಬು’ ಅಂದರೆ ಅದು ಶುದ್ಧ ತೆಲುಗು. ದಕ್ಷಿಣದಲ್ಲಿ ಕಲಿತು ಬಂದ ಪರೀಕ್ಷಕರ ಕಿವಿಗೆ ಮಾತ್ರ ಅದು ‘ಚೊಂಬು’ ತಪ್ಪಿ ಬಂದಂತೆ. ರೋಗಿಗೆ ಪದ ಸಿಕ್ಕಿದೆ, ಅಂಕ ಹೋಗಿದೆ.

ಹಲವು ಭಾಷೆಗಳ ಇಂಥ ನೆಲಕ್ಕೆ ಎರಡು ಹಳೆಯ ವಾದಗಳು ನೇರವಾಗಿ ಸಲ್ಲುವುದಿಲ್ಲ. ಮೊದಲು ಕಲಿತ ಭಾಷೆ ಹೆಚ್ಚು ಉಳಿಯುತ್ತದೆ ಎಂಬುದು ರಿಬೋ ಹೆಸರಿನಲ್ಲಿ ನಿಂತ ವಾದ. ಹೆಚ್ಚು ಬಳಸಿದ್ದು ಮೊದಲು ಮರಳುತ್ತದೆ ಎಂದು 1895ರಲ್ಲಿ ಪಿತ್ರ್ ಹೇಳಿದ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು; ನಿಜಾಮನ ಆಡಳಿತದಲ್ಲಿ ಕಚೇರಿ ಭಾಷೆ ಉರ್ದು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕಾಗದಪತ್ರದಲ್ಲಿ ಉರ್ದು ಕಂಡ ಹಿರಿಯರಲ್ಲಿ ಮೊದಲನೆಯದು ಯಾವುದು, ಹೆಚ್ಚಿನದು ಯಾವುದು? ಮಾಂಟ್ರಿಯಲ್‌ನ ಮಿಷೆಲ್ ಪಾರಾಡಿ 1987ರಲ್ಲಿ ಪ್ರಕಟಿಸಿದ ದ್ವಿಭಾಷಿಕ ಪರೀಕ್ಷೆ ಪ್ರತಿ ಭಾಷೆಯನ್ನೂ ಬೇರೆಬೇರೆಯಾಗಿ ನೋಡಬೇಕೆನ್ನುತ್ತದೆ. ಅದರ ಕನ್ನಡ ರೂಪವೂ ಇದೆ.

ಚಿಕಿತ್ಸೆಯ ಕಡೆ ಬಂದರೆ, ಬ್ರಿಟನ್ನಿನಲ್ಲಿ ಡೇವಿಡ್ ಹೊವಾರ್ಡ್ ಮತ್ತಿತರರು 1985ರಲ್ಲಿ ಅರ್ಥದ ಸುಳಿವನ್ನೂ ಧ್ವನಿಯ ಸುಳಿವನ್ನೂ ಹೋಲಿಸಿ ನೋಡಿದರು. 1995ರಲ್ಲಿ ಬಾಯ್ಲ್ ಮತ್ತು ಕೊಯೆಲೊ ‘ಅರ್ಥಲಕ್ಷಣ ವಿಶ್ಲೇಷಣೆ’ಯನ್ನು ಪ್ರಯೋಗಿಸಿದರು. ಚಿತ್ರ ನಡುವೆ, ಸುತ್ತ ಪ್ರಶ್ನೆಗಳು. ಕೂರಿಗಿಯ ಚಿತ್ರ ಇಟ್ಟರೆ: ಇದು ಎಂಥಾ ಸಾಮಾನು? ಒಕ್ಕಲುತನದ್ದು. ಯಾಕ ಬೇಕು? ಬಿತ್ತಾಕ. ಯಾರು ಎಳೀತಾರ? ಎತ್ತು. ಎಲ್ಲಿರ್ತದ? ಹೊಲದಾಗ. ಹೀಗೆ ಸುತ್ತು ಬಳಸಿ ಹೆಸರಿಗೆ ತಲುಪಿಸುವುದು ಇದರ ಹಾದಿ. ತಲುಪದಿದ್ದರೆ ‘ಕೂ...’ ಎಂದು ಮೊದಲ ಅಕ್ಷರ ಕೊಡಬಹುದು. ಆದರೆ ಮನಸ್ಸಿನಲ್ಲಿ ತೆಲುಗಿನ ‘ಗೊರ್ರು’ ಎದ್ದು ನಿಂತವರಿಗೆ ಆ ‘ಕೂ’ ನೆರವಾಗುವ ಬದಲು ಅಡ್ಡ ಬರಬಹುದು. ಅರ್ಥದ ಪ್ರಶ್ನೆಗಳಿಗೆ ಆ ಕಾಟ ಕಡಿಮೆ. ಗಡಿಯಲ್ಲಿ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ ಎನ್ನಲು ಇದು ನನ್ನ ಕಾರಣ.

ಮೈಸೂರಿನಲ್ಲಿ ಎಸ್. ಪಿ. ಗೋಸ್ವಾಮಿ ಮತ್ತು ಸಂಗಡಿಗರು ಸಿದ್ಧಪಡಿಸಿದ ಕನ್ನಡ ಚಿಕಿತ್ಸಾ ಕೈಪಿಡಿಯಲ್ಲಿ ಹೆಸರಿಸುವಿಕೆಗೆ ಪ್ರತ್ಯೇಕ ಭಾಗವಿದೆ. ಮೈಸೂರಿನಿಂದ ರಾಯಚೂರಿಗೆ ಸುಮಾರು 500 ಕಿ.ಮೀ. ಕೈಪಿಡಿ ಅಷ್ಟು ದೂರ ಬರುವಾಗ ಚಿತ್ರಗಳನ್ನು ಊರಿಗೆ ತಕ್ಕಂತೆ ಆರಿಸಿ, ಪ್ರತಿ ಚಿತ್ರದ ಹಿಂದೆ ಮನೆಯವರು ಬಳಸುವ ಹೆಸರುಗಳನ್ನೆಲ್ಲ, ಕನ್ನಡವೋ ತೆಲುಗೋ ಉರ್ದುವೋ, ಚಿಕಿತ್ಸೆಗೆ ಮೊದಲೇ ಕೇಳಿ ಬರೆದುಕೊಳ್ಳಬೇಕು. ಅವುಗಳಲ್ಲಿ ಯಾವುದು ಬಂದರೂ ಪೂರ್ತಿ 3 ಅಂಕ.