ಹತ್ತು ಎಚ್‌ಪಿಯ ರೇಸು: ಔಟ್‌ಬೋರ್ಡ್ ಎಂಜಿನ್ ನಮ್ಮ ಕಡಲಿಗೆ ಬಂದ ಕಥೆ

ನೆಲ್ಯಾಡಿಯಿಂದ ಮಾತಾಡ್ತಾ ಇದ್ದೇನೆ. ಹಿಂದೆ ಲಾರಿ ಶಬ್ದ ಕೇಳಿದರೆ ಬೇಜಾರು ಮಾಡ್ಕೊಳ್ಬೇಡಿ. ಶಿರಾಡಿ ಘಾಟಿಗೆ ಹೋಗುವ ಹೆದ್ದಾರಿ ನಮ್ಮ ಮನೆಯಿಂದ ದೂರ ಇಲ್ಲ. ಮಂಗಳೂರಿನ ಮೀನು ಬೆಂಗಳೂರಿಗೆ ಹೋಗುವುದೂ ಇದೇ ದಾರಿಯಲ್ಲಿ. ಇವತ್ತಿನ ಕಥೆ ಆ ಮೀನು ಹಿಡಿಯುವ ದೋಣಿಯ ಹಿಂದೆ ನೇತಾಡುವ ಎಂಜಿನ್‌ನದ್ದು.

ಶುರುವಾದದ್ದು ಒಂದು ಫೋನಿನಿಂದ. ನನ್ನ ಬಿ.ಕಾಂ. ಕ್ಲಾಸ್‌ಮೇಟ್ ಒಬ್ಬ, ಅವನ ಅಪ್ಪನದ್ದು ಉಡುಪಿ ಕಡೆ ನಾಡದೋಣಿ. "ಸೀಮೆಎಣ್ಣೆ ಎಂಜಿನ್ ತೆಗೆದು ಪೆಟ್ರೋಲಿನದ್ದು ಹಾಕ್ಬೇಕು ಮಾರಾಯ. ಸಾಲ ಮಾಡಿಯೇ ತಗೊಳ್ಬೇಕು. ಯಾವುದು ತಗೊಳ್ಳೋದು, ನೀನು ಲೆಕ್ಕ ಹಾಕಿ ಹೇಳು" ಅಂದ. ನಾನು ಎಕ್ಸೆಲ್ ತೆರೆದೆ. ಬೆಲೆ, ಗಂಟೆಗೆ ಎಷ್ಟು ಲೀಟರ್, ಬಡ್ಡಿ, ಸವಕಳಿ, ಎಲ್ಲದಕ್ಕೂ ಒಂದೊಂದು ಕಾಲಂ ಹಾಕಿದೆ. ಆದರೆ ಮುಖ್ಯವಾದ ಕಾಲಂ ಅದರಲ್ಲಿ ಇರಲೇ ಇಲ್ಲ. ಅದು ಗೊತ್ತಾದದ್ದು ಬೋಟ್ ರೇಸಿನ ಇತಿಹಾಸ ಓದುವಾಗ.

ಮೊದಲು ಎಂಜಿನ್‌ನ ಕಥೆ. ಅಮೆರಿಕದ ಕ್ಯಾಮರನ್ ವಾಟರ್‌ಮನ್ 1905ರ ಹೊತ್ತಿಗೇ ದೋಣಿಯ ಹಿಂಬದಿಗೆ ಕಳಚಿ ಹಾಕಬಹುದಾದ ಎಂಜಿನ್ ಮಾಡಿದ್ದ. ಆದರೆ ಅದನ್ನು ಮನೆಮಾತು ಮಾಡಿದ್ದು ಓಲೆ ಎವಿನ್ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ವರ್ಕ್‌ಶಾಪ್ ಇಟ್ಟವನು. ಹುಡುಗಿಗೋಸ್ಕರ ಸುಡುಬಿಸಿಲಲ್ಲಿ ಹುಟ್ಟು ಹಾಕಿಕೊಂಡು ಕೆರೆಯಾಚೆಯಿಂದ ಐಸ್‌ಕ್ರೀಂ ತಂದ, ಬರುವಷ್ಟರಲ್ಲಿ ಕರಗಿ ನೀರಾಗಿತ್ತು, ಆ ಸಿಟ್ಟಿಗೆ ಎಂಜಿನ್ ಮಾಡಿದ ಅಂತ ಒಂದು ಕಥೆ ಉಂಟು. 1909ರಲ್ಲಿ ಮಾರಾಟಕ್ಕೆ ಬಂದ ಅವನ ಎಂಜಿನ್ 1.5 ಎಚ್‌ಪಿ, ತೂಕ ಸುಮಾರು 28 ಕೆಜಿ. ನಮ್ಮಲ್ಲಿ ಮಿಕ್ಸಿ ತಿರುಗಿಸುವ ಮೋಟಾರಿಗಿಂತ ಸ್ವಲ್ಪ ಜಾಸ್ತಿ ಶಕ್ತಿ, ಅಷ್ಟೇ.

ಎರಡು ಎಂಜಿನ್ ಒಂದೇ ನೀರಲ್ಲಿ ಕಂಡರೆ ಮನುಷ್ಯ ಸುಮ್ಮನಿರ್ತಾನಾ? 1920ರ ದಶಕದಲ್ಲಿ ಅಮೆರಿಕದಲ್ಲಿ ಔಟ್‌ಬೋರ್ಡ್ ರೇಸು ಜೋರಾಯಿತು. ದೊಡ್ಡ ಎಂಜಿನ್ ತಂದವನೇ ಗೆಲ್ಲುವುದಾದರೆ ರೇಸಿಗೆ ಅರ್ಥ ಇಲ್ಲ. ಹಾಗಾಗಿ ಎಂಜಿನ್ ಗಾತ್ರ ನೋಡಿ ಎ, ಬಿ, ಸಿ ಅಂತ ಕ್ಲಾಸ್ ಮಾಡಿದರು. ನಮ್ಮ ಉಪ್ಪಿನಂಗಡಿಯ ವಿಜಯ-ವಿಕ್ರಮ ಜೋಡುಕರೆ ಕಂಬಳ ನೋಡಿದವರಿಗೆ ಇದು ಹೊಸತಲ್ಲ. ಹಗ್ಗ ಹಿರಿಯದ ಕೋಣವನ್ನು ನೇಗಿಲು ಕಿರಿಯದ ಜೊತೆ ಓಡಿಸುವುದಿಲ್ಲ.

ಕ್ಲಾಸ್ ಬಂದ ಕೂಡಲೇ ಆಟ ಬದಲಾಯಿತು. ಎಲ್ಲರ ಹತ್ತಿರವೂ ಅಷ್ಟೇ ಶಕ್ತಿ. ಹಾಗಾದರೆ ಗೆಲ್ಲುವುದು ಯಾರು? ಎಂಜಿನ್ ಸರಿಯಾಗಿ ಕೂರಿಸಿದವನು. ನೋಡಬೇಕಾದ್ದು ಮುಖ್ಯವಾಗಿ ಮೂರು ವಿಷಯ.

ಒಂದು, ಎತ್ತರ. ಎಂಜಿನ್‌ನ ಉದ್ದ ಕಾಲಿನಲ್ಲಿ ಪ್ರೊಪೆಲ್ಲರ್‌ನ ಮೇಲೆ ಒಂದು ಅಡ್ಡ ತಟ್ಟೆ ಇರ್ತದೆ. ಸಾಮಾನ್ಯವಾಗಿ ಅದು ದೋಣಿಯ ತಳಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು. ಅದಕ್ಕೇ ಕಾಲಿನ ಉದ್ದ 15, 20, 25 ಇಂಚು ಅಂತ ಬೇರೆ ಬೇರೆ. ರೇಸಿನವರು ಎಂಜಿನ್ ಮೇಲಕ್ಕೆ ಏರಿಸ್ತಾರೆ. ನೀರಲ್ಲಿ ಎಳೆಯುವ ಲೋಹ ಕಡಿಮೆಯಾದಷ್ಟು ವೇಗ ಜಾಸ್ತಿ. ಅತಿಯಾದರೆ ಪ್ರೊಪೆಲ್ಲರ್ ಗಾಳಿ ನುಂಗಿ ಹಿಡಿತ ಬಿಡ್ತದೆ. ತಂಪು ಮಾಡುವ ನೀರು ಒಳಗೆ ಹೋಗದೆ ಎಂಜಿನ್ ಕಾದು ಕೆಡ್ತದೆ.

ಎರಡು, ಕೋನ. ಎಂಜಿನ್ ದೋಣಿಯ ಕಡೆ ಒಳಗೆ ಬಾಗಿದ್ದರೆ ಮೂತಿ ನೀರಿಗೆ ಒತ್ತುತ್ತದೆ. ಹೊರಗೆ ಬಾಗಿದರೆ ಮೂತಿ ಏಳ್ತದೆ. ಇನ್ನೂ ಹೊರಗೆ ಹೋದರೆ ದೋಣಿ ಕಪ್ಪೆಯ ಹಾಗೆ ಕುಪ್ಪಳಿಸ್ತದೆ.

ಮೂರು, ಪ್ರೊಪೆಲ್ಲರ್. ಅದರ ಮೇಲೆ ಎರಡು ಅಂಕಿ ಇರ್ತವೆ: ವ್ಯಾಸ ಮತ್ತು ಪಿಚ್. ಪಿಚ್ ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಅಂತ. ಬೈಕಿನ ಗೇರ್ ಅಂದುಕೊಳ್ಳಿ. ಹಗುರ ದೋಣಿಗೆ ಜಾಸ್ತಿ ಪಿಚ್ ಟಾಪ್ ಗೇರ್ ಇದ್ದ ಹಾಗೆ. ಭಾರದ ದೋಣಿಗೆ ಅದೇ ಹಾಕಿದರೆ ಟಾಪ್ ಗೇರಲ್ಲಿ ಘಾಟಿ ಹತ್ತಿದ ಹಾಗೆ. ಎಂಜಿನ್ ಮುಕ್ಕರಿಯುತ್ತದೆ, ಪೆಟ್ರೋಲ್ ಸುಡ್ತದೆ, ಮುಂದೆ ಹೋಗುವುದಿಲ್ಲ. ಒಂದು ಇಂಚು ಪಿಚ್ ಇಳಿಸಿದರೆ ಎಂಜಿನ್ ಸುಮಾರು 150ರಿಂದ 200 ಆರ್‌ಪಿಎಂ ಜಾಸ್ತಿ ತಿರುಗುತ್ತದೆ. ಪೂರ್ತಿ ಲೋಡ್ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು, ಕಂಪನಿ ಹೇಳಿದ ಆರ್‌ಪಿಎಂ ಬರ್ತದಾ ನೋಡುವುದು. ಇದೇ ಪರೀಕ್ಷೆ.

ಈಗ ನಮ್ಮ ಕಡಲಿಗೆ ಬರೋಣ. ಇಲ್ಲಿಗೂ ಯಂತ್ರದ ಜೊತೆ ನಾರ್ವೆಯ ನಂಟು ಉಂಟು. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡವು. ಮರುವರ್ಷ ಕೇರಳದ ಕೊಲ್ಲಂ ಹತ್ತಿರ ಕೆಲಸ ಶುರುವಾಯಿತು. 1963ರಲ್ಲಿ ಯೋಜನೆ ಕಾರವಾರಕ್ಕೂ ಬಂತು. ಆದರೆ ಅದು ಮುಖ್ಯವಾಗಿ ಒಳಗೇ ಡೀಸೆಲ್ ಎಂಜಿನ್ ಇರುವ ಬೋಟುಗಳ ಕಾಲ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದಾಗ, ದಡದಿಂದ ರಂಪಣಿ ಎಳೆಯುತ್ತಿದ್ದವರಿಗೆ ಪೆಟ್ಟು ಬಿತ್ತು. ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಅಲ್ಲೇ ಹೊರಗೆ ಬಲೆಗೆ ಬೀಳುತ್ತಿತ್ತು. ಹುಟ್ಟು ಹಾಕಿ ಯಾರು ಬೆನ್ನಟ್ಟುವುದು? 1980ರ ದಶಕದಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಏರಿದ್ದು ಹೀಗೆ. ಅದು ಶೋಕಿಯಲ್ಲ, ಉಳಿಯುವ ದಾರಿ.

ಆಮೇಲೆ ಅಲ್ಲಿಯೂ ರೇಸೇ. ಕೇರಳದ ಉದಾಹರಣೆ ನೋಡಿ. ಅಲ್ಲಿ ಮೊದಲು ಬಂದದ್ದು ಏಳೆಂಟು ಎಚ್‌ಪಿ ಎಂಜಿನ್‌ಗಳು. ಮುಂದೆ ರಿಂಗ್ ಸೀನ್ ಬಲೆಯ ದೊಡ್ಡ ವಳ್ಳಗಳಿಗೆ 40 ಎಚ್‌ಪಿಯ ಎರಡು ಮೂರು ಎಂಜಿನ್ ಹಾಕುವವರೆಗೂ ಹೋಯಿತು. ಮೊದಲು ಮುಟ್ಟಿದವನಿಗೆ ಮೀನು. ಕಂಬಳದ ಕರೆಯ ಪಕ್ಕ ಮುಂದಿನ ಸಾಲಿನವರು ಕುರ್ಚಿ ಹತ್ತಿ ನಿಂತರೆ ಹಿಂದಿನವರೂ ಹತ್ತಲೇಬೇಕು. ಕೊನೆಗೆ ಯಾರಿಗೂ ಹೆಚ್ಚು ಕಾಣುವುದಿಲ್ಲ, ಎಲ್ಲರ ಕಾಲೂ ನೋಯ್ತದೆ. ಇಲ್ಲಿ ನೋಯುವುದು ಕಾಲಲ್ಲ, ಇಂಧನದ ಬಿಲ್ಲು.

ಆದರೆ ಕರ್ನಾಟಕದ ಮಳೆಗಾಲದಲ್ಲಿ ಒಂದು ಸ್ವಾರಸ್ಯ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗೆ ಇಳಿಯಬಹುದಾದದ್ದು ನಾಡದೋಣಿ. ಎಂಜಿನ್ ಇದ್ದರೆ 10 ಎಚ್‌ಪಿ ಒಳಗೆ. ಅಂದರೆ ಸರ್ಕಾರವೇ ಒಂದು ಕ್ಲಾಸ್ ಮಾಡಿಟ್ಟಿದೆ! ಶಕ್ತಿ ಎಲ್ಲರಿಗೂ ಒಂದೇ. ಉಳಿದದ್ದು ಎತ್ತರ, ಕೋನ, ಪ್ರೊಪೆಲ್ಲರ್.

ಸೀಮೆಎಣ್ಣೆಯದ್ದೂ ಹೇಳಬೇಕು. ನಮ್ಮ ಅಜ್ಜನ ಅಡಕೆ ತೋಟದ ಪಂಪ್‌ಸೆಟ್ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ನಾಡದೋಣಿಯ ಎಂಜಿನ್‌ದೂ ಅದೇ ಉಪಾಯ. ಸಬ್ಸಿಡಿ ಸೀಮೆಎಣ್ಣೆ ಸಿಗುವಷ್ಟು ದಿನ ಲೆಕ್ಕ ಸರಿಹೋಗ್ತಿತ್ತು. ಹಂಚಿಕೆ ಕುಗ್ಗುತ್ತಾ ಬಂತು. 2023-24ರ ರಾಜ್ಯ ಬಜೆಟ್‌ನಲ್ಲಿ ಎಂಜಿನ್ ಬದಲಾಯಿಸಲು ತಲಾ 50,000 ರೂಪಾಯಿ ಸಹಾಯಧನ ಘೋಷಣೆಯಾಯಿತು. ಉಳಿದದ್ದು ಮೀನುಗಾರರ ಜೇಬಿನಿಂದ.

ನನ್ನ ಗೆಳೆಯನ ಮನೆಯವರೂ ಪೆಟ್ರೋಲ್ ಎಂಜಿನ್ ತಂದರು. ಬಲೆ, ಐಸು, ಆರು ಜನ ಹತ್ತಿದರೆ ದೋಣಿ ಎಳೆಯುವುದೇ ಇಲ್ಲ. "ಸಾಲ ಮಾಡಿದ್ದು ದಂಡ" ಅಂತ ಮನೆಯಲ್ಲಿ ಜಗಳ. ಇನ್ನೂ ದೊಡ್ಡದು ತಗೊಳ್ಳಿ ಅಂತ ಒಬ್ಬರ ಸಲಹೆ. ಅದು ಹಾಕಿದರೆ ಮಳೆಗಾಲದ ಎರಡು ತಿಂಗಳು ದೋಣಿ ಮೇಲೆಯೇ ಇರಬೇಕು. ಭಾರದ ದೋಣಿ ನೀರನ್ನು ತಳ್ಳಿಕೊಂಡೇ ಹೋಗುವುದು, ರೇಸ್ ಬೋಟಿನ ಹಾಗೆ ಮೇಲೆ ಜಾರುವುದಿಲ್ಲ. ಎಚ್‌ಪಿ ದುಪ್ಪಟ್ಟು ಮಾಡಿದರೂ ವೇಗ ದುಪ್ಪಟ್ಟಾಗುವುದಿಲ್ಲ.

ನಾನು ರೇಸಿನವರ ಪುಸ್ತಕದ ವಿದ್ಯೆ ತೆಗೆದೆ. ಪಿಚ್ ಇಳಿಸಿ, ಎಂಜಿನ್ ಸ್ವಲ್ಪ ಮೇಲಕ್ಕೆ ಏರಿಸಿ ಅಂದೆ. ಮೆಕ್ಯಾನಿಕ್ ಮೊದಲನೆಯದಕ್ಕೆ ತಲೆಯಾಡಿಸಿದರು. ಎರಡನೆಯದಕ್ಕೆ ಗೆಳೆಯನ ಅಪ್ಪ ನಕ್ಕುಬಿಟ್ಟರು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳ್ತೇನೆ: "ಸ್ಪೀಡ್ ಯಾರಿಗೆ ಬೇಕು ಮಗಾ? ಅಳಿವೆಯಲ್ಲಿ ತೆರೆ ಹಿಂಬದಿ ಎತ್ತಿದಾಗ ಅದು ನೀರು ಬಿಡಬಾರದು."

ಮಳೆಗಾಲದ ಅಳಿವೆಯಲ್ಲಿ ಪ್ರೊಪೆಲ್ಲರ್ ಒಂದು ಕ್ಷಣ ಗಾಳಿಯಲ್ಲಿ ತಿರುಗಿದರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚುತ್ತದೆ. ರೇಸಿನವನು ಯಾವುದನ್ನು ಮೇಲೆ ಏರಿಸುತ್ತಾನೋ, ಇವರು ಅದನ್ನೇ ಕೆಳಗೆ ಇಳಿಸಿ ಕೂರಿಸಿದರು. ಪ್ರೊಪೆಲ್ಲರ್ ಬದಲಾಯಿತು, ಎಂಜಿನ್ ಅದೇ ಉಳಿಯಿತು. ಖರ್ಚು, ಹೊಸ ಎಂಜಿನ್‌ನ ಬೆಲೆಯ ಒಂದು ಸಣ್ಣ ಪಾಲು. ಆರು ಜನ ಹತ್ತಿದರೂ ಈಗ ದೋಣಿ ಎಳೆಯುತ್ತದೆ. ಸಾಲ ಇನ್ನೂ ಉಂಟು.

ನನ್ನ ಎಕ್ಸೆಲ್‌ನಲ್ಲಿ ಇಲ್ಲದಿದ್ದ ಕಾಲಂ ಯಾವುದು ಅಂತ ಈಗ ಗೊತ್ತಾಯಿತಲ್ವಾ? "ಎಂಜಿನ್ ಯಾವುದು" ಅಂತ ಕೇಳುವ ಮೊದಲು "ದೋಣಿಯಲ್ಲಿ ಎಷ್ಟು ಭಾರ, ಎಂಥ ನೀರು" ಅಂತ ಕೇಳಬೇಕಿತ್ತು. ರೇಸಿನವರಿಗೆ ಇದು ನೂರು ವರ್ಷದಿಂದ ಗೊತ್ತು. ಅಳಿವೆ ದಾಟುವವರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಲೆಕ್ಕ ಹಾಕಲು ಕೂತ ನನಗೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ದೋಣಿ ಹತ್ತುವವರು ಯಾರಾದರೂ ಕೇಳ್ತಾ ಇದ್ದರೆ, ಎಂಜಿನ್ ನಿಲ್ಲಿಸುವ ಆ ಕೆಂಪು ದಾರವನ್ನು ಕೈಗೆ ಕಟ್ಟಿಕೊಳ್ಳಿ. ಲೈಫ್ ಜಾಕೆಟ್ ಕೂಡ.