ಮೇಣದ ಹೂಬಳ್ಳಿ: ಒಂದು ಕಡ್ಡಿಯ ಇತಿಹಾಸ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ಭಾವಿಸುವುದುಂಟು. ಆದರೆ ಮನೆಯ ವರಾಂಡದಲ್ಲಿ ತೂಗುವ ಕುಂಡದ ಬಳ್ಳಿಗೂ ಇತಿಹಾಸವಿದೆ. ಹೋಯ ಎಂಬ ಬಳ್ಳಿಯನ್ನು ನೀವು ನೋಡಿರಬಹುದು. ದಪ್ಪನೆಯ ಎಲೆ, ಮೇಣದಲ್ಲಿ ಮಾಡಿದಂತಿರುವ ನಕ್ಷತ್ರಾಕಾರದ ಹೂಗಳ ಗೊಂಚಲು. ಇದು ನಮ್ಮ ಎಕ್ಕದ ಗಿಡದ ಬಂಧು. ಮುರಿದರೆ ಅದರಂತೆಯೇ ಹಾಲು ಒಸರುತ್ತದೆ.

ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಹೋಯ ಕಾರ್ನೋಸ ಪೂರ್ವ ಏಷ್ಯಾದ ಸಸ್ಯ. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಕುಲಕ್ಕೆ ಹೆಸರಿಟ್ಟಾಗ ಯಾವ ದೊರೆಯನ್ನೂ ನೆನೆಯಲಿಲ್ಲ. ಲಂಡನ್ ಬಳಿಯ ಸಯಾನ್ ಹೌಸ್‌ನ ಮುಖ್ಯ ತೋಟಗಾರ ಥಾಮಸ್ ಹೋಯ್ ಅವರ ಹೆಸರನ್ನಿಟ್ಟರು. ಗಿಡ ಬದುಕಿಸುವ ಕೈಗೆ ಸಂದ ಗೌರವವದು.

ಏಕೆಂದರೆ ಆಗ ದೂರದೇಶದ ಗಿಡವನ್ನು ಬದುಕಿಸುವುದು ಸುಲಭವಿರಲಿಲ್ಲ. ತಿಂಗಳುಗಟ್ಟಲೆಯ ಹಡಗಿನ ಪ್ರಯಾಣ, ಉಪ್ಪುಗಾಳಿ, ಸಿಹಿನೀರಿನ ಕೊರತೆ. ಚೀನಾದಿಂದ ಹೊರಟ ಸಾವಿರ ಗಿಡಗಳಲ್ಲಿ ಒಂದು ಇಂಗ್ಲೆಂಡಿನಲ್ಲಿ ಉಳಿದೀತು ಎಂದು, ಚೀನಾದಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಅಂದಾಜು ಮಾಡಿದ್ದರು.

ಪರಿಹಾರ ದೊರೆತದ್ದು ಆಕಸ್ಮಿಕವಾಗಿ. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟರು. ಆ ಮಣ್ಣಿನಲ್ಲಿ ಜರೀಗಿಡವೊಂದು ಮೊಳೆತು, ನೀರೆರೆಯದೆಯೇ ಬೆಳೆಯಿತು! ಆವಿಯಾದ ನೀರು ಗಾಜಿಗೆ ತಗುಲಿ, ಹನಿಯಾಗಿ, ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಕಳುಹಿಸಿದ ಗಿಡಗಳು ಸಿಡ್ನಿಯನ್ನು ಜೀವಂತವಾಗಿ ತಲುಪಿದವು.

ಆದರೆ ಆ ಪೆಟ್ಟಿಗೆಯಲ್ಲಿ ಹೂಗಿಡಗಳಷ್ಟೇ ಸಾಗಲಿಲ್ಲ. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೂ, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೂ ಬಂದವು. ಒಂದು ನಾಡಿನ ಸಸ್ಯಸಂಪತ್ತು ಇನ್ನೊಂದು ಸಾಮ್ರಾಜ್ಯದ ಲಾಭವಾಯಿತು. ಸಸ್ಯಗಳ ಮೇಲೆ ಅವು ಬೆಳೆಯುವ ನಾಡಿಗಿರುವ ಹಕ್ಕನ್ನು 1992ರ ಜೈವಿಕ ವೈವಿಧ್ಯ ಒಪ್ಪಂದ ಎತ್ತಿಹಿಡಿಯಿತು.

ವಾರ್ಡರ ತತ್ತ್ವವನ್ನು ನೀವೇ ಪರೀಕ್ಷಿಸಬಹುದು. ಬಲಿತ ಹೋಯ ಬಳ್ಳಿಯಿಂದ ಎರಡು ಗೆಣ್ಣುಗಳಿರುವ ತುಂಡನ್ನು ಕತ್ತರಿಸಿ. ಹಾಲು ಆರಿದ ಮೇಲೆ, ಕೆಳಗಿನ ಗೆಣ್ಣು ಹುದುಗುವಂತೆ ಒದ್ದೆ ಮರಳಿನಲ್ಲಿ ನೆಡಿ. ಬೇರಿಲ್ಲದ ಕಡ್ಡಿ ಸಾಕಷ್ಟು ನೀರು ಹೀರಲಾರದು, ಆದರೆ ಎಲೆಗಳಿಂದ ಕಳೆದುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಅದರ ಮೇಲೆ ಗಾಜಿನ ಜಾಡಿ ಕವುಚಿ, ನೆರಳಿನಲ್ಲಿಡಿ. ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಚಿಗುರಿನಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಬೇರು ಮೂಡಿಸುತ್ತದೆ ಎಂಬುದನ್ನು 1930ರ ದಶಕದ ಪ್ರಯೋಗಗಳು ತೋರಿಸಿಕೊಟ್ಟವು. ಗೆಣ್ಣಿಲ್ಲದ ಬರಿಯ ಎಲೆ ನೆಟ್ಟರೆ ಬೇರು ಬಂದೀತು. ಮೊಗ್ಗಿಲ್ಲದ ಕಾರಣ ಬಳ್ಳಿಯಾಗದು. ಹೂ ಉದುರಿದ ಬಳಿಕ ಉಳಿಯುವ ತೊಟ್ಟನ್ನು ಮಾತ್ರ ಕತ್ತರಿಸಬೇಡಿ. ಮುಂದಿನ ಹೂಗಳು ಅದೇ ತೊಟ್ಟಿನಲ್ಲಿ ಅರಳುತ್ತವೆ.

ಕಡ್ಡಿಯಿಂದ ಬೆಳೆದ ಗಿಡದ ಅನುವಂಶಿಕ ಗುಣಗಳು ತಾಯಿಗಿಡದವೇ. ತಾಯಿಗಿಡವೂ ಉಳಿಯುತ್ತದೆ. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಕಾಡು ಹೋಯಗಳಿವೆ. ಅವುಗಳಲ್ಲೊಂದಾದ ಹೋಯ ವೈಟಿಯೈ, ಮದ್ರಾಸ್ ಪ್ರಾಂತದಲ್ಲಿ ದುಡಿದ ವೈದ್ಯ-ಸಸ್ಯವಿಜ್ಞಾನಿ ರಾಬರ್ಟ್ ವೈಟರ ಹೆಸರನ್ನು ಹೊತ್ತಿದೆ. ಚಾರಣಕ್ಕೆ ಹೋದಾಗ ಮರಕ್ಕೆ ಹಬ್ಬಿದ ಆ ಬಳ್ಳಿ ಕಂಡರೆ ನೋಡಿ ಸಂತೋಷಪಡಿ, ಕೀಳಬೇಡಿ. ಮನೆಗೆ ಬೇಕಾದ ಬಳ್ಳಿಗೆ ನೆರೆಮನೆಯವರಿಂದ ಕೇಳಿ ತಂದ ಒಂದು ಕಡ್ಡಿ ಸಾಕು.